ಮಾಗಿಯಲ್ಲಿ ಗಾಜಿನ ಮನೆ: ಉದಕಮಂಡಲದ ಸಸ್ಯೋದ್ಯಾನದ ಪೂರ್ವೋತ್ತರ

ಉದಕಮಂಡಲದ ಸರಕಾರೀ ಸಸ್ಯೋದ್ಯಾನವನ್ನು ನೋಡದ ಕನ್ನಡಿಗರು ನಮ್ಮ ನೀಲಗಿರಿಯಲ್ಲಿ ಯಾರೂ ಇರಲಾರರು. ಆದರೆ ಅದನ್ನು ಮಾಗಿಯ ಕಡುಚಳಿಯಲ್ಲಿ, ಹೊತ್ತು ಮೂಡುವ ವೇಳೆಗೆ ನೋಡಿದವರು ಎಷ್ಟು ಮಂದಿ? ನಾವೆಲ್ಲರೂ ಬೇಸಗೆಯ ಪುಷ್ಪಪ್ರದರ್ಶನಕ್ಕೆ ಹೋಗುವವರು. ಬಯಲುಸೀಮೆಯಿಂದ ಬಂದ ನೆಂಟರಿಷ್ಟರನ್ನು ಕರೆದುಕೊಂಡು, ಜನಜಂಗುಳಿಯಲ್ಲಿ ನೂಕಿಸಿಕೊಂಡು, ಹೂವಿಗಿಂತ ಹೆಚ್ಚಾಗಿ ಮುಂದೆ ನಿಂತವರ ಬೆನ್ನನ್ನು ನೋಡಿ ಹಿಂದಿರುಗುವವರು. ಉದ್ಯಾನವೊಂದರ ನಿಜವಾದ ಇತಿಹಾಸವನ್ನು ಅರಿಯಬೇಕಾದರೆ ಅದು ಮೆರೆಯುವ ಕಾಲದಲ್ಲಿ ಹೋಗಬಾರದು, ಅದು ಕಷ್ಟದಲ್ಲಿರುವ ಕಾಲದಲ್ಲಿ ಹೋಗಬೇಕು ಎಂಬುದು ಈಚೆಗೆ ನನಗೆ ಮನವರಿಕೆಯಾದ ಮಾತು. ಪುಷ್ಯಮಾಸದ ಒಂದು ಬೆಳಗ್ಗೆ ಆರನೆಯ ತರಗತಿಯಲ್ಲಿ ಓದುತ್ತಿರುವ ಮೊಮ್ಮಗಳ ಕೈಹಿಡಿದು ಅಲ್ಲಿಗೆ ಹೋದಾಗ ಕಂಡುದನ್ನೂ, ಕಂಡುದರ ಹಿಂದಿರುವ ಕಥೆಯನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಬಾಗಿಲು ತೆರೆದೊಡನೆ ಒಳಹೊಕ್ಕೆವು. ಕೆಳತೋಟದ ವಿಶಾಲವಾದ ಹುಲ್ಲುಹಾಸೆಲ್ಲವೂ ಅಕ್ಕಿಹಿಟ್ಟು ಚೆಲ್ಲಿದಂತೆ ಬೆಳ್ಳಗಾಗಿದ್ದಿತು. ರಾತ್ರಿ ಬಿದ್ದ ಇಬ್ಬನಿ ಹುಲ್ಲಿನ ಎಸಳುಗಳ ಮೇಲೆಯೇ ಹೆಪ್ಪುಗಟ್ಟಿ, ಕಾಲಿಟ್ಟಲ್ಲಿ ಹಪ್ಪಳ ಮುರಿದಂತೆ ಸದ್ದಾಗುತ್ತಿದ್ದಿತು. ಕಂಬಳಿಯನ್ನು ತಲೆಗೆ ಸುತ್ತಿಕೊಂಡ ಕೆಲಸಗಾರರು ಬಿಸಿಲು ಏರುವ ಮುನ್ನವೇ ಆ ಹುಲ್ಲಿನ ಮೇಲೆ ನೀರು ಚಿಮುಕಿಸುತ್ತಿದ್ದರು. ಎಳೆಯ ಗಿಡಗಳ ಪಾತಿಗಳಿಗೆ ಒಣಗಿದ ಜರಿಗಿಡಗಳನ್ನೂ ಸೊಪ್ಪುಕಡ್ಡಿಗಳನ್ನೂ ಹೊದಿಸಿದ್ದರು. ಬೇಸಗೆಯಲ್ಲಿ ಬಣ್ಣದ ರತ್ನಗಂಬಳಿಯಂತೆ ಕಾಣುವ ಪಾತಿಗಳು ಬರಿಯ ಮಣ್ಣಾಗಿ ಬಿದ್ದಿದ್ದವು. ಮೊಮ್ಮಗಳು, "ತಾತ, ಹೂವೇ ಇಲ್ಲವಲ್ಲ, ಏಕೆ ಬಂದೆವು?" ಎಂದು ಕೇಳಿದಳು. ನಾನು ಉತ್ತರ ಹೇಳದೆ ಅವಳನ್ನು ಗಾಜಿನ ಮನೆಯ ಕಡೆಗೆ ಕರೆದೊಯ್ದೆನು.

ಹೊರಗೆ ಹಲ್ಲು ಕಟಕಟಿಸುವ ಚಳಿ. ಒಳಗೆ ಕಾಲಿಟ್ಟರೆ ಒದ್ದೆಮಣ್ಣಿನ ವಾಸನೆಯಿಂದ ತುಂಬಿದ ಹದವಾದ ಗಾಳಿ. ಗಾಜುಗಳ ಒಳಮೈಯಲ್ಲಿ ನೀರಿನ ಹನಿಗಳು ಸಾಲುಗಟ್ಟಿ ಇಳಿಯುತ್ತಿದ್ದವು. ಮೆಟ್ಟಿಲುಮೆಟ್ಟಿಲಾಗಿ ಜೋಡಿಸಿದ ಕುಂಡಗಳಲ್ಲಿ ಬಿಗೋನಿಯ, ಸಿನರೇರಿಯ, ಪ್ರಿಮುಲ, ಜಿರೇನಿಯಂ, ನಾನಾ ಬಗೆಯ ಜರಿಗಿಡಗಳು, ಹೊರಗಣ ಲೋಕದಲ್ಲಿ ಏನೂ ನಡೆದಿಲ್ಲವೆಂಬಂತೆ ಅರಳಿ ನಿಂತಿದ್ದವು. ಹುಡುಗಿ ಒಂದೊಂದು ಕುಂಡದ ಬಳಿಯೂ ನಿಂತು ಫಲಕವನ್ನು ಓದಿ, "ಇದಕ್ಕೆ ಕನ್ನಡದಲ್ಲಿ ಏನೆನ್ನುತ್ತಾರೆ?" ಎಂದು ಕೇಳತೊಡಗಿದಳು. ಮೊದಲನೆಯದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಎರಡನೆಯದಕ್ಕೂ ಇರಲಿಲ್ಲ. ಐದಾರು ಗಿಡಗಳಾದ ಮೇಲೆ ಅವಳು ಕೇಳುವುದನ್ನೇ ಬಿಟ್ಟಳು. ಆ ಮೌನ ನನ್ನನ್ನು ಚುಚ್ಚಿತು. ಈ ಗಿಡಗಳು ಎಲ್ಲಿಂದ ಬಂದವು, ಹೇಗೆ ಬಂದವು, ಬಂದಮೇಲೆ ಯಾರ ಭಾಷೆಯಲ್ಲಿ ಬೇರು ಬಿಟ್ಟವು ಎಂಬ ವಿಚಾರಕ್ಕೆ ಅದೇ ಮೂಲವಾಯಿತು.

ಮೊದಲು ಈ ಹಿಮದ ವಿಚಾರ. ಡಿಸೆಂಬರಿನಿಂದ ಫೆಬ್ರವರಿಯವರೆಗೆ, ಮೋಡವಿಲ್ಲದ, ಗಾಳಿಯಾಡದ ರಾತ್ರಿಗಳಲ್ಲಿ, ಹಗಲು ಹೀರಿಕೊಂಡ ಕಾವನ್ನು ನೆಲವು ತೆರೆದ ಆಕಾಶಕ್ಕೆ ಬಿಟ್ಟುಕೊಡುತ್ತದೆ. ನೆಲಕ್ಕೆ ತಗುಲಿದ ಗಾಳಿ ತಣ್ಣಗಾಗಿ, ಭಾರವಾಗಿ, ನೀರಿನಂತೆಯೇ ಇಳಿಜಾರನ್ನು ಹಿಡಿದು ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಆದುದರಿಂದಲೇ ಬೆಟ್ಟದ ಓರೆಗಿಂತ ಕಣಿವೆಯ ತಳದಲ್ಲಿ ಹಿಮದ ಪೀಡೆ ಹೆಚ್ಚು. ಸಮುದ್ರಮಟ್ಟದಿಂದ ಸುಮಾರು 2,240 ಮೀಟರು ಎತ್ತರದಲ್ಲಿರುವ ಉದಕಮಂಡಲದಲ್ಲಿ ಉದ್ಯಾನದ ಕೆಳಭಾಗವು ಇಂಥ ಒಂದು ತಗ್ಗು. ಗಾಜಿನ ಮನೆಯು ಮಾಡುವ ಉಪಕಾರ ಎರಡು ಬಗೆಯದು: ಹಗಲಿನ ಬೆಳಕನ್ನು ಒಳಬಿಟ್ಟು ಅದರಿಂದ ಕಾದ ಗಾಳಿಯನ್ನು ಮೇಲೆದ್ದು ಹೋಗಗೊಡದೆ ತಡೆಯುವುದು, ರಾತ್ರಿ ಗಿಡಕ್ಕೂ ತೆರೆದ ಆಕಾಶಕ್ಕೂ ನಡುವೆ ಮರೆಯಾಗಿ ನಿಲ್ಲುವುದು. ಒಲೆಯಿಲ್ಲದಿದ್ದರೂ ಆ ಮರೆಯೊಂದರಿಂದಲೇ ಜೀವ ಉಳಿಯುತ್ತದೆ.

ಇನ್ನು ಊರಿನ ಪೂರ್ವಕಥೆ. ನೀಲಗಿರಿಯ ಇತಿಹಾಸವು ಇಂಗ್ಲಿಷರಿಂದ ಆರಂಭವಾಯಿತೆಂದು ಪ್ರವಾಸಿಗಳ ಕೈಪಿಡಿಗಳು ಬರೆಯುವುದುಂಟು. ಅದು ಸರಿಯಲ್ಲ. ಚಾಮರಾಜನಗರದ ಪಾರ್ಶ್ವನಾಥ ಬಸದಿಯಲ್ಲಿರುವ 1117ರ ಶಾಸನವು, ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಪುಣಿಸನು ತೋದರನ್ನು ಬೆದರಿಸಿ ನೀಲಾದ್ರಿಯನ್ನು ವಶಪಡಿಸಿಕೊಂಡನೆಂಬುದನ್ನು ಸಾರುತ್ತದೆ. ತೋದವರ ಹೆಸರು ಬರವಣಿಗೆಯಲ್ಲಿ ಮೊದಲು ಕಾಣಿಸುವುದು ಈ ಕನ್ನಡ ನಾಡಿನ ಶಾಸನದಲ್ಲಿಯೇ. ಬೆಟ್ಟದ ತಪ್ಪಲಿನಲ್ಲಿದ್ದ ದಣ್ಣಾಯಕನ ಕೋಟೆಯು ಹೊಯ್ಸಳರ ದಂಡನಾಯಕರ ಹೆಸರನ್ನು ಹೊತ್ತಿದ್ದಿತು. ಇಂದು ಅದು ಭವಾನಿಸಾಗರದ ನೀರಿನಡಿಯಲ್ಲಿದೆ. ತರುವಾಯದ ಕಾಲದಲ್ಲಿ ಮೈಸೂರು ಸೀಮೆಯ ಕಡೆಯಿಂದ ಹತ್ತಿಬಂದ ಒಕ್ಕಲುಜನರು ಬಡಗರೆನಿಸಿಕೊಂಡರು. ಬಡಗಣಿಂದ, ಎಂದರೆ ಉತ್ತರದಿಕ್ಕಿನಿಂದ ಬಂದವರೆಂಬುದೇ ಆ ಹೆಸರಿನ ಅರ್ಥ. ಅವರ ನುಡಿಯನ್ನು ಕನ್ನಡದ ಒಳನುಡಿಯೆಂದು ಕೆಲವರೂ, ಪ್ರತ್ಯೇಕವಾದ ಸೋದರಭಾಷೆಯೆಂದು ಕೆಲವರೂ ಎಣಿಸುವರು. ಆ ನುಡಿಯನ್ನಾಡುವ ಜನರೇ ಅದನ್ನು ತಮ್ಮದೇ ಆದ ಭಾಷೆಯೆಂದು ಅಭಿಮಾನದಿಂದ ಹೇಳಿಕೊಳ್ಳುವಾಗ ನಾವು ವಾದಕ್ಕೆ ನಿಲ್ಲಬೇಕಾದುದಿಲ್ಲ. ಆದರೆ ಬಂಧುತ್ವವು ಸಂದೇಹಕ್ಕೆ ಮೀರಿದುದು. ದೊಡ್ಡಬೆಟ್ಟವೆಂಬ ಹೆಸರನ್ನು ಬಿಡಿಸಿ ಹೇಳಲು ಕನ್ನಡ ಬಲ್ಲವನಿಗೆ ಪಂಡಿತರು ಬೇಕಿಲ್ಲ. ಊರಿಗೆ ಅವರು ಹೇಳುವ ಮಾತು ಹಟ್ಟಿ. ತಮಿಳಿನ ಪಕಾರಕ್ಕೆ ಹಕಾರವನ್ನು ನುಡಿಯುವುದು ನಮ್ಮಿಬ್ಬರ ಮನೆಯ ಗುರುತು.

1799ರಲ್ಲಿ ಶ್ರೀರಂಗಪಟ್ಟಣವು ಬಿದ್ದಮೇಲೆ ಕೊಯಮತ್ತೂರು ಸೀಮೆಯೊಡನೆ ಈ ಬೆಟ್ಟವೂ ಕಂಪನಿಯವರ ಪಾಲಾಯಿತು. ನಮ್ಮ ಗಡಿಯು 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಹುಟ್ಟಿತೆಂದು ತಿಳಿದವರು ಇದನ್ನು ಗಮನಿಸಬೇಕು. ಆ ವರ್ಷ ಕೊಯಮತ್ತೂರು ಜಿಲ್ಲೆಯಿಂದ ಕೊಳ್ಳೇಗಾಲವು ಮೈಸೂರಿಗೆ ಸೇರಿತು, ತಾಳವಾಡಿಯೂ ನೀಲಗಿರಿಯೂ ಮದರಾಸಿನಲ್ಲೇ ಉಳಿದವು. ಆದರೆ ಮೊದಲ ಗೆರೆಯನ್ನು ಎಳೆದದ್ದು ಅದಕ್ಕೂ ಒಂದೂವರೆ ಶತಮಾನದ ಹಿಂದೆ.

1819ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ ಬೆಟ್ಟವನ್ನು ಹತ್ತಿ ಬಂದನು. ಕೋಟಗಿರಿಯ ಸಮೀಪದ ದಿಂಹಟ್ಟಿಯಲ್ಲಿ ಅವನು ಮನೆ ಕಟ್ಟಿಸಿ, ತನ್ನ ನಾಡಿನ ಕಾಯಿಪಲ್ಲೆಗಳನ್ನೂ ಹಣ್ಣಿನ ಗಿಡಗಳನ್ನೂ ಬೆಳೆಯಿಸಿ ನೋಡಿದನು. ಆ ಬಳಿಕ ಉದಕಮಂಡಲದಲ್ಲಿ ಮನೆಯೂ ಕೆರೆಯೂ ಆದವು. ಬಯಲಿನ ಬೇಗೆಗೆ ಬೆದರಿದ ಬಿಳಿಯರು ಒಬ್ಬೊಬ್ಬರಾಗಿ ಬಂದು ನೆಲಸಿದರು. ಅವರ ನಾಲಗೆಗೆ ಬೇಕಾದದ್ದು ಎಲೆಕೋಸು, ಗಜ್ಜರಿ, ಬಟಾಣಿ, ಆಲೂಗಡ್ಡೆ. 1845ರಲ್ಲಿ ಅಲ್ಲಿನ ನಿವಾಸಿಗಳು ತಿಂಗಳಿಗೆ ತಲಾ ಮೂರು ರೂಪಾಯಿ ಚಂದಾ ಹಾಕಿ ಒಂದು ತರಕಾರಿ ತೋಟವನ್ನು ಆರಂಭಿಸಿದರು. ಆ ಉದ್ಯಮ ನಿಲ್ಲಲಿಲ್ಲ. ಇಂದಿನ ಮಹೋದ್ಯಾನದ ಮೂಲವು ಯಾವ ಅರಸನ ಸೌಂದರ್ಯಪ್ರೇಮವೂ ಅಲ್ಲ, ಊಟದ ಮೇಜಿನ ಕೊರತೆ ಎಂಬುದು ಕುತೂಹಲಕರವಾದ ಸಂಗತಿ.

ಮದರಾಸಿನ ಗವರ್ನರ್ ಆಗಿದ್ದ ಟ್ವೀಡ್‌ಡೇಲ್ ಮಾರ್ಕ್ವಿಸನ ಪ್ರೋತ್ಸಾಹದಿಂದ 1847ರಲ್ಲಿ ಒಂದು ಸಮಿತಿ ಏರ್ಪಟ್ಟು, ಲಂಡನ್ನಿನ ಸಮೀಪದ ಕ್ಯೂ ಉದ್ಯಾನದಲ್ಲಿ ಪಳಗಿದ ವಿಲಿಯಂ ಗ್ರಹಾಂ ಮೆಕೈವರ್ ಎಂಬ ತೋಟಗಾರನನ್ನು ಕರೆಯಿಸಿಕೊಂಡಿತು. ಅವನು 1848ರಲ್ಲಿ ಬಂದು ನೋಡಿದಾಗ, ಮೇಲ್ಗಡೆ ಕಡಿದಾದ ದಿಣ್ಣೆಗಳ ಮೇಲೆ ಹೆಮ್ಮರಗಳ ಶೋಲೆಕಾಡು, ನಡುವೆ ಆಳವಾದ ಕೊರಕಲುಗಳು, ಕೆಳಗೆ ಕಾಲಿಟ್ಟರೆ ಹೂತುಹೋಗುವ ಜೌಗು. ನಾವು ಹಿಮದ ಮೇಲೆ ನಡೆದ ಹುಲ್ಲುಹಾಸು ಆ ಜೌಗನ್ನು ಬಸಿದು ಮಾಡಿದ್ದು. ನೀರು ಹರಿದು ನಿಲ್ಲುತ್ತಿದ್ದ ತಗ್ಗಿನಲ್ಲಿಯೇ ಇಂದು ತಣ್ಣನೆಯ ಗಾಳಿಯೂ ಹರಿದು ನಿಲ್ಲುತ್ತದೆ. ಕೊರಕಲುಗಳನ್ನು ತುಂಬಿಸಿ, ಇಳಿಜಾರನ್ನು ಮಟ್ಟಮಟ್ಟವಾಗಿ ಕಡಿಸಿ, ಸುಮಾರು 55 ಎಕರೆಗಳ ಈ ತೋಟಕ್ಕೆ ರೂಪು ಕೊಡಲು ಅವನಿಗೆ ಹತ್ತು ವರ್ಷಗಳೇ ಹಿಡಿದವು. ಅವನ ಹೆಸರು ಪುಸ್ತಕಗಳಲ್ಲಿ ಉಳಿಯಿತು. ಮಣ್ಣು ಹೊತ್ತವರ ಹೆಸರುಗಳು ಉಳಿಯಲಿಲ್ಲ.

ಅದೇ ದಶಕದಲ್ಲಿ ಕೇತಿಯ ಕಣಿವೆಯಲ್ಲಿ ಮತ್ತೊಂದು ಬಗೆಯ ನಾಟಿ ನಡೆಯುತ್ತಿದ್ದಿತು. ಕಾಸಾಮೇಜರ್ ಎಂಬ ನಿವೃತ್ತ ಅಧಿಕಾರಿಯು ಬಡಗರೊಡನೆ ಮಾತನಾಡುವ ಸಲುವಾಗಿ ಕನ್ನಡವನ್ನು ಕಲಿತು, ಅವರ ಮಕ್ಕಳಿಗೆ ಶಾಲೆಯನ್ನು ತೆರೆಯಿಸಿದನು. ಅವನ ಆಸ್ತಿಯನ್ನು ಪಡೆದು ಅಲ್ಲಿ ನೆಲಸಿದ ಬಾಸೆಲ್ ಮಿಷನ್ನಿನ ಪಾದ್ರಿಗಳೂ ಕನ್ನಡವನ್ನೇ ಪಾಠಕ್ಕೂ ಪ್ರಾರ್ಥನೆಗೂ ಬಳಸಿದರು. ಉದಕಮಂಡಲದಲ್ಲಿ ಪರದೇಶದ ಗಿಡಕ್ಕೆ ಈ ಮಣ್ಣನ್ನು ಒಗ್ಗಿಸುತ್ತಿದ್ದ ಕಾಲದಲ್ಲೇ, ನಾಲ್ಕಾರು ಮೈಲಿಗಳಾಚೆ ಪರದೇಶದ ಜನರು ಈ ಮಣ್ಣಿನ ಮಾತಿಗೆ ತಮ್ಮ ನಾಲಗೆಯನ್ನು ಒಗ್ಗಿಸಿಕೊಳ್ಳುತ್ತಿದ್ದರು.

ದೂರದೇಶದ ಗಿಡಗಳು ಕಡಲು ದಾಟಿ ಬಂದದ್ದಾದರೂ ಹೇಗೆ? ಅದಕ್ಕೂ ಗಾಜಿನ ಮನೆಯೇ ಉತ್ತರ. ಹಡಗಿನ ಅಟ್ಟದ ಮೇಲೆ ಉಪ್ಪುಗಾಳಿಗೂ ನೀರಿನ ಅಭಾವಕ್ಕೂ ಸಿಕ್ಕಿ, ಮೊದಲು ಸಾಗಿಸುತ್ತಿದ್ದ ಸಸಿಗಳಲ್ಲಿ ಬಹುಪಾಲು ಸಾಯುತ್ತಿದ್ದವು. ಲಂಡನ್ನಿನ ವೈದ್ಯನಾದ ನೆಥಾನಿಯಲ್ ವಾರ್ಡ್ 1829ರ ಸುಮಾರಿನಲ್ಲಿ ಪತಂಗದ ಗೂಡೊಂದನ್ನು ಹಸಿಮಣ್ಣಿನೊಡನೆ ಸೀಸೆಯಲ್ಲಿಟ್ಟು ಮುಚ್ಚಿದ್ದನು. ಪತಂಗದ ಪಾಡೇನಾದರೂ ಆಗಲಿ, ಮಣ್ಣಿನಿಂದ ಒಂದು ಜರಿಗಿಡವೂ ಒಂದು ಹುಲ್ಲೂ ಮೊಳೆತವು. ಒಳಗಿನ ತೇವವು ಆವಿಯಾಗಿ, ಗಾಜಿಗೆ ತಗುಲಿ ಹನಿಯಾಗಿ, ಮತ್ತೆ ಮಣ್ಣಿಗೆ ಇಳಿಯುತ್ತ, ಹೊರಗಿನಿಂದ ನೀರು ಹಾಕದೆಯೂ ಗಿಡ ಬದುಕಿತು. ಅದೇ ತತ್ತ್ವದ ಮೇಲೆ ಅವನು ಮಾಡಿಸಿದ ಮರದ ಚೌಕಟ್ಟಿನ ಗಾಜಿನ ಪೆಟ್ಟಿಗೆಯು, ಎಂದರೆ ಹೊತ್ತೊಯ್ಯಬಹುದಾದ ಗಾಜಿನ ಮನೆಯು, ಭೂಮಂಡಲದ ಬೆಳೆಗಳ ಭೂಪಟವನ್ನೇ ಬದಲಿಸಿತು. ಚೀನದ ಚಹಾಗಿಡಗಳು ಹಿಮಾಲಯದ ತಪ್ಪಲಿಗೆ ಬಂದದ್ದು ಇಂಥ ಪೆಟ್ಟಿಗೆಗಳಲ್ಲಿಯೇ.

ನೀಲಗಿರಿಗೆ ಈ ಪೆಟ್ಟಿಗೆಗಳು ತಂದ ಅತಿಮುಖ್ಯವಾದ ಗಿಡ ಸಿಂಕೋನಾ. ಚಳಿಜ್ವರಕ್ಕೆ ಅಂದು ಇದ್ದ ಒಂದೇ ನಂಬಿಕೆಯ ಮದ್ದಾದ ಕ್ವಿನೈನ್, ನಮ್ಮ ಹಳ್ಳಿಗಳ ಹಿರಿಯರು ಕೊಯಿನಾ ಎನ್ನುತ್ತಿದ್ದ ಕಹಿಮದ್ದು, ಈ ಮರದ ತೊಗಟೆಯಿಂದ ಬರತಕ್ಕದ್ದು. ಮರವು ದಕ್ಷಿಣ ಅಮೆರಿಕೆಯ ಆಂಡೀಸ್ ಪರ್ವತಗಳದು. ಕ್ಲೆಮೆಂಟ್ಸ್ ಮಾರ್ಕಂ ಎಂಬವನು 1860ರಲ್ಲಿ ಪೆರುವಿನ ಕಾಡುಗಳಿಂದ ಸಸಿಗಳನ್ನು ಸಂಗ್ರಹಿಸಿ, ಗಾಜಿನ ಪೆಟ್ಟಿಗೆಗಳಲ್ಲಿಟ್ಟು, ಪನಾಮಾ, ಇಂಗ್ಲೆಂಡ್, ಕೆಂಪುಸಮುದ್ರ, ಮುಂಬಯಿಗಳ ಮಾರ್ಗವಾಗಿ ಇಲ್ಲಿಗೆ ತಂದನು. ಕೆಂಪುಸಮುದ್ರದ ಸೆಕೆಯಲ್ಲಿ ಪೆಟ್ಟಿಗೆಗಳು ಕಾದವು. ಚಳಿಯಿಂದ ಕಾಯಬೇಕಾದ ಗಾಜೇ ಅಲ್ಲಿ ಬೇಗೆಯನ್ನು ಹಿಡಿದಿಟ್ಟಿತು. ಅಷ್ಟು ಶ್ರಮದ ಆ ಸಸಿಗಳೆಲ್ಲವೂ ಸತ್ತುಹೋದವು. ಆದರೆ ರಿಚರ್ಡ್ ಸ್ಪ್ರೂಸ್ ಎಂಬ ಸಸ್ಯಶಾಸ್ತ್ರಜ್ಞನು ಈಕ್ವೆಡಾರಿನಲ್ಲಿ ಬೆಳೆಯಿಸಿದ ಕೆಂಪುತೊಗಟೆಯ ಜಾತಿಯ ಸಸಿಗಳನ್ನು ರಾಬರ್ಟ್ ಕ್ರಾಸ್ ಎಂಬ ತೋಟಗಾರನು ಜೊತೆಯಲ್ಲೇ ಇದ್ದು ಕಾಪಾಡಿಕೊಂಡು ತಂದುದರಿಂದ, 1861ರಲ್ಲಿ ನಾನೂರಕ್ಕೂ ಮಿಕ್ಕ ಸಸಿಗಳು ಜೀವಸಹಿತ ಉದಕಮಂಡಲವನ್ನು ಮುಟ್ಟಿದವು.

ಮೆಕೈವರನ ಕೈಚಳಕವು ಪ್ರಕಟವಾದುದು ಇಲ್ಲಿ. ಒಂದೊಂದು ಕಣ್ಣನ್ನೂ ಕಡ್ಡಿಯಾಗಿ ನೆಟ್ಟು, ಗಾಜಿನ ಮನೆಯಲ್ಲಿ ಬೇರು ಬರಿಸಿ, ನೂರನ್ನು ಸಾವಿರವಾಗಿಯೂ ಸಾವಿರವನ್ನು ಲಕ್ಷವಾಗಿಯೂ ಅವನು ಹೆಚ್ಚಿಸಿದನು. ಉದ್ಯಾನದ ಮೇಲ್ಗಡೆ ದೊಡ್ಡಬೆಟ್ಟದ ಓರೆಯಲ್ಲಿಯೂ, ಗೂಡಲೂರಿನ ದಾರಿಯ ನಡುವಟ್ಟದಲ್ಲಿಯೂ ತೋಪುಗಳೆದ್ದವು. ಆಗ ಒಂದು ವಿವಾದ ಹುಟ್ಟಿತು. ಇದು ಕಾಡಿನ ಗಿಡ, ನೆರಳಿನಲ್ಲೇ ಇರಬೇಕು ಎಂಬುದು ಒಂದು ಪಕ್ಷ. ನೆರಳಿನಲ್ಲಿಟ್ಟ ಗಿಡ ಬಡಕಲಾಗಿ ಉದ್ದಕ್ಕೆ ಬೆಳೆಯುತ್ತದೆ, ಬೇರೂರಿದ ಬಳಿಕ ಬಿಸಿಲುಗಾಳಿಗೆ ಬಿಡಬೇಕು ಎಂಬುದು ಮೆಕೈವರನ ಪಕ್ಷ. ಬೆಳೆದ ಮರಗಳು ಅವನ ಮಾತನ್ನೇ ಎತ್ತಿಹಿಡಿದವು. ಮರವನ್ನು ಕಡಿಯದೆ ತೊಗಟೆಯ ಪಟ್ಟಿಗಳನ್ನು ಮಾತ್ರ ಸುಲಿದು, ಗಾಯಕ್ಕೆ ಪಾಚಿಯನ್ನು ಹೊದಿಸಿದರೆ ಹೊಸ ತೊಗಟೆ ಮೊದಲಿಗಿಂತ ಹೆಚ್ಚು ಮದ್ದಿನ ಸತ್ತ್ವದೊಡನೆ ಬರುತ್ತದೆಂಬುದನ್ನೂ ಅವನು ಕಂಡುಹಿಡಿದನು. 1876ರಲ್ಲಿ ಅವನು ತೀರಿಕೊಂಡನು.

ಈ ಉದ್ಯಮವನ್ನು ಹೊಗಳುವಾಗ ಅದರ ಬೆಲೆಯನ್ನು ಮರೆಯಲಾಗದು. ಶೋಲೆಕಾಡುಗಳು ಕೊಡಲಿಗೆ ಬಲಿಯಾದವು. ನಡುವಟ್ಟದ ತೋಪಿನಲ್ಲಿ ಮಲಯದ ಕಡೆಯಿಂದ ಸಾಗಿಸಿ ತಂದ ಚೀನೀ ಸೆರೆಯಾಳುಗಳನ್ನು ದುಡಿಸಿದರು. ಸಸಿಗಳನ್ನು ಹೊರಡಿಸಿದ ನಾಡುಗಳಿಗೆ ಸಂದ ಪ್ರತಿಫಲ ಸೊನ್ನೆ. ಕೊನೆಗೆ ವ್ಯಾಪಾರದ ಲಾಭವೂ ಡಚ್ಚರ ಜಾವಾದ ಪಾಲಾಯಿತು; ಹೆಚ್ಚು ಸತ್ತ್ವದ ಜಾತಿಯೊಂದರ ಬೀಜ ಅವರಿಗೆ ದೊರೆತಿತ್ತು. ಆದರೂ ನಡುವಟ್ಟದ ಸರಕಾರಿ ಕಾರ್ಖಾನೆಯಿಂದ ಹೊರಟ ಪುಡಿಯು ವೈನಾಡು, ಮಲೆನಾಡು, ಮೈಸೂರಿನ ಕಾಡಂಚುಗಳಂಥ ಜ್ವರದ ಸೀಮೆಗಳಲ್ಲಿ ಎಷ್ಟೋ ಮನೆಗಳ ದೀಪ ಆರದಂತೆ ಕಾದಿತು. ಮಲೇರಿಯಾ ಸೊಳ್ಳೆಯ ಮೂಲಕ ಹರಡುವುದೆಂಬುದಕ್ಕೆ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸಾಕ್ಷ್ಯವನ್ನು ಕಂಡದ್ದು 1897ರಲ್ಲಿ. ಅದೇ ವರ್ಷ ರಜೆಯಲ್ಲಿ ಉದಕಮಂಡಲಕ್ಕೆ ಬಂದಿದ್ದ ಅವನನ್ನು ಸೀಗೂರು ಘಟ್ಟಕ್ಕೆ ಇಳಿದಾಗ ಆ ಜ್ವರವೇ ಹಿಡಿದಿತ್ತು.

ಸಿಂಕೋನಾ ಬಂದು ಹೋಯಿತು. ಬಂದು ನಿಂತ ಮರ ಬೇರೊಂದಿದೆ. 1840ರ ದಶಕದಿಂದ ಸೌದೆಯ ಕೊರತೆಗಾಗಿ ಇಲ್ಲಿ ಆಸ್ಟ್ರೇಲಿಯದ ಯೂಕಲಿಪ್ಟಸ್ ಮರಗಳನ್ನು ನೆಡತೊಡಗಿದರು. ಅವು ಇಲ್ಲಿಂದ ಮೈಸೂರು ಸೀಮೆಯ ಬಯಲುಗಳಿಗೆ ಹಬ್ಬಿದಾಗ ಅಲ್ಲಿನ ರೈತನು ಲ್ಯಾಟಿನ್ ಹೆಸರಿಗಾಗಿ ಕಾದು ಕುಳಿತುಕೊಳ್ಳಲಿಲ್ಲ. ಬಂದ ದಿಕ್ಕನ್ನು ನೋಡಿ, ನೀಲಗಿರಿ ಮರ ಎಂದನು. ಅದರ ಎಣ್ಣೆ ನೀಲಗಿರಿ ಎಣ್ಣೆಯಾಯಿತು. ಆ ಮರ ಅಂತರ್ಜಲವನ್ನು ಬರಿದುಮಾಡುತ್ತದೆಂಬ ದೂರು ಬಲವಾಗಿ, 2017ರಲ್ಲಿ ಕರ್ನಾಟಕ ಸರಕಾರವು ಅದನ್ನು ನೆಡುವುದನ್ನು ನಿಷೇಧಿಸಿದ್ದು ಬೇರೆಯ ಮಾತು. ಕಡಲಾಚೆಯ ಮರವೊಂದು ಕನ್ನಡದಲ್ಲಿ ನಮ್ಮ ಬೆಟ್ಟದ ಹೆಸರನ್ನು ಹೊತ್ತು ನಿಂತಿದೆಯೆಂಬುದು ಸಾಮಾನ್ಯವಲ್ಲ. ಬೆಂಗಳೂರಿನ ಲಾಲ್‌ಬಾಗಿನಲ್ಲಿಯೂ ಹೀಗೆಯೇ ಆಯಿತು. ಕ್ಯೂ ಉದ್ಯಾನದಿಂದಲೇ ಬಂದು 1874ರಿಂದ ಅಲ್ಲಿ ದುಡಿದ ಜಾನ್ ಕ್ಯಾಮೆರಾನ್ ತಂದು ಬೆಳೆಸಿದ ಕಾಯೊಂದು ಕನ್ನಡಿಗರ ಅಡಿಗೆಮನೆಯಲ್ಲಿ ಸೀಮೆಬದನೆಕಾಯಿ ಆಯಿತು. ಅವನ ಕಾಲದಲ್ಲಿಯೇ 1889ರಲ್ಲಿ ಅಸ್ತಿಭಾರ ಬಿದ್ದ ಅಲ್ಲಿನ ದೊಡ್ಡ ಗಾಜಿನ ಮನೆಯಲ್ಲಿ ಇಂದಿಗೂ ಜನವರಿಯ ಗಣರಾಜ್ಯೋತ್ಸವದ ವೇಳೆಗೆ ಫಲಪುಷ್ಪಪ್ರದರ್ಶನ ನಡೆಯುತ್ತದೆ. ಹಿಮವರಿಯದ ಬೆಂಗಳೂರಿನಲ್ಲಿ ಗಾಜಿನ ಮನೆ ಗಿಡಗಳಿಗೆ ಸಭಾಮಂಟಪ. ನಮ್ಮ ಬೆಟ್ಟದಲ್ಲಿ ಅದು ಪ್ರಾಣರಕ್ಷಕ.

ಹೀಗೆ ಮೊಮ್ಮಗಳ ಪ್ರಶ್ನೆಗೆ ಅರ್ಧ ಉತ್ತರ ದೊರೆಯಿತು. ಜನರು ನೆಟ್ಟು, ನೀರೆರೆದು, ಉಂಡು, ಮಾರಿ ಬಳಸಿದ ಗಿಡಕ್ಕೆ ನಮ್ಮ ಭಾಷೆ ಹೆಸರನ್ನು ಕೊಟ್ಟಿದೆ. ಗಾಜಿನೊಳಗೆ ನೋಟಕ್ಕಾಗಿ ಮಾತ್ರ ಇಟ್ಟ ಗಿಡಕ್ಕೆ ಕೊಟ್ಟಿಲ್ಲ.

ಉಳಿದರ್ಧ ಉತ್ತರ ದೊರೆತದ್ದು ಸಸಿಗಳನ್ನು ಬೆಳೆಸುವ ಹಿಂಭಾಗದಲ್ಲಿ. ಬಿಸಿಲೇರಿ ಹಿಮವೆಲ್ಲ ಕರಗಿದ ಮೇಲೆ ಅತ್ತ ಹೋದೆವು. ಬೇಸಗೆಯ ಪುಷ್ಪಪ್ರದರ್ಶನದ ಸಸಿಗಳು ಸಾವಿರಗಟ್ಟಲೆ ಅಲ್ಲಿ ಪುಟ್ಟ ಕುಂಡಗಳಲ್ಲಿ ಎರಡೆಲೆ ನಾಲ್ಕೆಲೆ ಒಡೆದು ನಿಂತಿದ್ದವು. ಮುಂಭಾಗದ ಪಾತಿಗಳು ಬರಿದಾಗಿದ್ದುದಕ್ಕೆ ಕಾರಣ ಅಲ್ಲಿದ್ದಿತು. ತೋಟದ ಬಡವಾದ ತಿಂಗಳೇ ಅದರ ಸಿರಿವಂತಿಕೆಯ ಮೊದಲ ತಿಂಗಳು. ವಯಸ್ಸಾದ ಮಾಲಿಯೊಬ್ಬರು ಕುಂಡಗಳನ್ನು ಒಂದೊಂದಾಗಿ ಹೊರಗೆ ತಂದು ಬಿಸಿಲಿನಲ್ಲಿಡುತ್ತಿದ್ದರು. ನಾನು ಕನ್ನಡದಲ್ಲಿ ಮಾತನಾಡಿಸಿದೆನು. ಅವರು ಬಡಗದಲ್ಲಿ ಉತ್ತರಕೊಟ್ಟರು. ನಡುವೆ ದುಭಾಷಿಯ ಅಗತ್ಯವೇ ಬೀಳಲಿಲ್ಲ. ಮೊಮ್ಮಗಳು ಬೆರಗಾಗಿ ಅವರನ್ನೂ ನನ್ನನ್ನೂ ನೋಡುತ್ತಿದ್ದಳು. ಅವರು ಹೇಳಿದ ತಾತ್ಪರ್ಯವಿಷ್ಟು: ಸಸಿಯನ್ನು ಗಾಜಿನಡಿಯಿಂದ ನೇರವಾಗಿ ಬಯಲಿಗೆ ನೆಟ್ಟರೆ ಒಂದೇ ರಾತ್ರಿಗೆ ಕರಕಾಗುವುದು. ಒಳಗೇ ಇಟ್ಟುಕೊಂಡರೆ ಸೊಂಟ ಗಟ್ಟಿಯಾಗದೆ ಬಿದ್ದುಹೋಗುವುದು. ಇಂದು ಒಂದು ಗಳಿಗೆ, ನಾಳೆ ಎರಡು ಗಳಿಗೆ ಹೊರಗಿಟ್ಟು, ಸಂಜೆಗೆ ಒಳಗೆ ತಂದು, ಹೀಗೆ ಕೆಲವು ವಾರ ಒಗ್ಗಿಸಬೇಕು. ಮೆಕೈವರನ ಗ್ರಂಥವನ್ನು ಅವರು ಓದಿದವರಲ್ಲ. ಅವರ ಕೈ ಅದನ್ನು ಬಲ್ಲುದು.

ಹಿಂದಿರುಗುವ ದಾರಿಯಲ್ಲಿ ತಲೆಯೆತ್ತಿ ನೋಡಿದರೆ ದೊಡ್ಡಬೆಟ್ಟದ ಕಡೆಯ ಇಳಿಜಾರಿನಲ್ಲಿ ಕೆಂಪುಹೂವಿನ ಮರವೊಂದು ಹಿಮವನ್ನು ಲೆಕ್ಕಿಸದೆ ಅರಳಿದ್ದಿತು. ಅದು ರೋಡೊಡೆಂಡ್ರನ್. ಅದರ ಹತ್ತಿರದ ದಾಯಾದಿಗಳಿರುವುದು ಹಿಮಾಲಯದಲ್ಲಿ. ನಡುವೆ ಎರಡು ಸಾವಿರ ಕಿಲೋಮೀಟರುಗಳಷ್ಟು ಬಯಲು. ಭೂಮಿಯು ಇಂದಿಗಿಂತ ತಣ್ಣಗಿದ್ದ ಪುರಾತನ ಕಾಲದಲ್ಲಿ ಹಬ್ಬಿ ಬಂದ ಈ ಕುಲವು, ಬಯಲು ಕಾದಮೇಲೆ ಎತ್ತರದ ಬೆಟ್ಟಗಳಲ್ಲಿ ಮಾತ್ರ ಉಳಿಯಿತೆಂದು ವಿದ್ವಾಂಸರು ಊಹಿಸುವರು. ಅದನ್ನು ಯಾರೂ ಪೆಟ್ಟಿಗೆಯಲ್ಲಿ ತರಲಿಲ್ಲ, ಯಾರೂ ಗಾಜು ಹೊದಿಸಲಿಲ್ಲ. ಬಂಧುಗಳಿಂದ ಅಗಲಿ, ನಿಂತ ನೆಲದ ಚಳಿಗಾಳಿಗೆ ಒಗ್ಗಿ, ತನ್ನ ಬಣ್ಣವನ್ನು ಬಿಡದೆ, ಮಾಗಿಯಲ್ಲಿಯೇ ಹೂ ಬಿಡುವುದನ್ನು ಅದು ರೂಢಿಮಾಡಿಕೊಂಡಿದೆ.

ಗಡಿಯಾಚೆ ನೆಲಸಿದ ನಮಗೆ ಇದಕ್ಕಿಂತ ಹೆಚ್ಚಿನ ಪಾಠ ಬೇಕೆ? ಸಂಘ, ವಾರ್ಷಿಕೋತ್ಸವ, ರಾಜ್ಯೋತ್ಸವ, ಈ ಸ್ಮರಣಸಂಚಿಕೆ, ಇವೆಲ್ಲವೂ ನಮ್ಮ ಭಾಷೆಗೆ ಗಾಜಿನ ಮನೆಗಳು. ಅವು ಬೇಡವೆಂದು ನಾನು ಹೇಳಲಾರೆ. ಕಡುಚಳಿಯ ರಾತ್ರಿಯಲ್ಲಿ ಮರೆಯಿಲ್ಲದಿದ್ದರೆ ಎಳೆಯ ಸಸಿ ಉಳಿಯದು; ನಮ್ಮ ಹಿರಿಯರು ಚಂದಾ ಎತ್ತಿ ಕಟ್ಟಿದ ಆ ಮರೆ ಇಲ್ಲದಿದ್ದರೆ ನಮ್ಮಲ್ಲಿ ಅನೇಕರಿಗೆ ಅಕ್ಷರವೇ ತಪ್ಪುತ್ತಿದ್ದಿತು. ಆದರೆ ವರ್ಷಕ್ಕೊಮ್ಮೆ ವೇದಿಕೆಯ ಮೇಲೆ ಅರಳಿ, ಉಳಿದ ದಿನ ಒಳಗೇ ಇರುವ ಭಾಷೆ ಸೊಂಟ ಗಟ್ಟಿಯಿಲ್ಲದ ಸಸಿಯೇ ಸರಿ. ಅದನ್ನು ದಿನಕ್ಕೆ ಒಂದು ಗಳಿಗೆಯಾದರೂ ಹೊರಗಿನ ಬಿಸಿಲುಗಾಳಿಗೆ ಒಡ್ಡಬೇಕು. ಸಂತೆಯಲ್ಲಿ, ಬಸ್ಸಿನಲ್ಲಿ, ಹೊಲದ ಬದುವಿನಲ್ಲಿ, ನೆರೆಯ ಬಡಗರ ಹಟ್ಟಿಯಲ್ಲಿ ಅದು ನಾಚದೆ ನಡೆಯಬೇಕು. ತಮಿಳನ್ನೂ ಇಂಗ್ಲಿಷನ್ನೂ ನಮ್ಮ ಮಕ್ಕಳು ಚೆನ್ನಾಗಿ ಕಲಿಯಲಿ. ಅವು ಇಲ್ಲಿನ ಹವೆ. ಹವೆಗೆ ಒಗ್ಗಿಕೊಂಡ ಮಾತ್ರಕ್ಕೆ ಗಿಡ ಜಾತಿಗೆಡುವುದಿಲ್ಲ.

ಒಂದು ಚಿಕ್ಕ ವಿಜ್ಞಾಪನೆಯೊಡನೆ ಮುಗಿಸುತ್ತೇನೆ. ನಮ್ಮ ಮನೆಗಳ ಅಜ್ಜಿಯರಿಗೆ ಬೇಲಿಯ, ಕಾಡಿನ, ಹಿತ್ತಿಲಿನ ನೂರಾರು ಗಿಡಗಳ ಹೆಸರು ಗೊತ್ತು. ಅವು ಯಾವ ಫಲಕದ ಮೇಲೆಯೂ ಇಲ್ಲ. ಮುಂದಿನ ಸಂಚಿಕೆಯ ಹೊತ್ತಿಗೆ ಒಂದೊಂದು ಮನೆಯಿಂದ ಹತ್ತು ಹೆಸರುಗಳನ್ನು ಮಕ್ಕಳ ಕೈಯಲ್ಲಿ ಬರೆಯಿಸಿ ಕಳುಹಿಸಿದರೆ ಸಂಘವು ಅದನ್ನು ಅಚ್ಚುಹಾಕಬಹುದು. ಅಂದು ಉದ್ಯಾನದ ಮಾರಾಟದ ಕಟ್ಟೆಯಲ್ಲಿ ಕೊಂಡ ಜಿರೇನಿಯಂ ಸಸಿಯೊಂದು ನಮ್ಮ ಮನೆಯ ಜಗುಲಿಯಲ್ಲಿದೆ. ಬೆಳಗ್ಗೆ ಬಿಸಿಲಿಗೆ ಹೊರಗಿಟ್ಟು ಸಂಜೆ ಒಳಗೆ ತರುವ ಕೆಲಸವನ್ನು ಮೊಮ್ಮಗಳು ತಾನೇ ವಹಿಸಿಕೊಂಡಿದ್ದಾಳೆ. ಅದಕ್ಕೊಂದು ಕನ್ನಡದ ಹೆಸರನ್ನು ಇನ್ನೂ ಹುಡುಕುತ್ತಿದ್ದಾಳೆ.